ತಿದ್ದಿ ಹಾಕಿದ ನಡೆ

ಮಾರ್ಚ್ ೧೪, ಗುರುವಾರ

ಮೈಯೆಲ್ಲ ಉರೀತಿದೆ. ಅಂಚೆ ಕಾರ್ಡಿನಲ್ಲಿ ನಡೆ ಬರೆದು ಕಳಿಸುತ್ತಾ ನನ್ನ ಜೊತೆ ಚದುರಂಗ ಆಡುವ ನರ್ಸಮ್ಮನ ಕಾರ್ಡು ಬಂತು: “ಇದು ನಿಮ್ಮ ನಡೆಯ ಹಾಗಿಲ್ಲವಲ್ಲ. ಬೇಕಾದರೆ ವಾಪಸ್ ತಗೊಳ್ಳಿ.”

ನನ್ನದಲ್ಲವೇ ಅಲ್ಲ! ಅಂಚೆ ಡಬ್ಬಿಗೆ ಹಾಕಿ ಅಂತ ಕೊಟ್ಟ ಕಾರ್ಡನ್ನ ನನ್ನ ಗಂಡ ಮಹಾಶಯರು ದಾರಿಯಲ್ಲೇ ತಿದ್ದಿದ್ದಾರೆ.

“ಎರಡನೇ ನಡೆಗೇ ಕಾಲಾಳನ್ನ ಪುಕ್ಕಟೆ ಕೊಡ್ತಿದ್ದೆಯಲ್ಲೇ. ಕಣ್ತಪ್ಪಿರಬೇಕು ಅಂದ್ಕೊಂಡೆ,” ಅಂತಾರೆ, ಸಾಕ್ಸ್ ಬಿಚ್ಚುತ್ತಾ.

ಪುಕ್ಕಟೆಯಂತೆ! ಆ ಕಾಲಾಳನ್ನ ಬಲಿಕೊಟ್ಟರೇ ನನ್ನ ಆನೆಗೆ ದಾರಿ ಸಿಗೋದು. ಆ ಆರಂಭವನ್ನ ಚಳಿಗಾಲವಿಡೀ ಒಬ್ಬಳೇ ಕೂತು ಕಲಿತಿದ್ದೆ. ನನ್ನ ಮುಖವನ್ನೇ ನೋಡಿಲ್ಲದ ನರ್ಸಮ್ಮನಿಗೆ ಗೊತ್ತಾಯ್ತು, ಅದು ನನ್ನ ಆಟ ಅಲ್ಲ ಅಂತ. ಮನೇಲಿರೋ ಇವರಿಗೆ?

ನಡೆ ವಾಪಸ್ ತಗೊಂಡೆ. ಕಾಲಾಳನ್ನ ಕೊಟ್ಟೇ ಬರೆದೆ. ಮಳೆಯಲ್ಲಿ ನೆನೆದುಕೊಂಡು ನಾನೇ ಹೋಗಿ ಹಾಕಿ ಬಂದೆ. ಬಾಗಿಲು ತೆಗೆದವರು, “ಕೊಟ್ಟಿದ್ರೆ ನಾನೇ ಹಾಕ್ತಿದ್ನಲ್ಲ!” ಅಂದರು.

ಇವರಿಗೆ ಇನ್ನು ಹೇಗೆ ಹೇಳಲಿ...