ಬ್ರಷ್ಷಿಗೆ ಸುತ್ತಿದ ಕೂದಲು

ಮಾರ್ಚ್ ೧೧, ಮಂಗಳವಾರ

ಕಸ ಗುಡಿಸುವ ರೋಬೋ ಮನೆಗೆ ಬಂದು ಇವತ್ತಿಗೆ ಒಂದು ತಿಂಗಳು. ನನ್ನ ಸೊಂಟನೋವಿಗೆ ಅಂತಲೇ ನಮ್ಮನೆಯವರು ತಂದದ್ದು. ಇಲ್ಲ ಅನ್ನಲಾರೆ, ಮಂಚದಡಿಯ ಧೂಳು ಹೋಗಿದೆ. ಆದರೆ ಅದನ್ನು ಬಿಡುವ ಮೊದಲು ಚಪ್ಪಲಿ, ಆಟದ ಸಾಮಾನು, ಚಾರ್ಜರ್ ವೈರು ಎಲ್ಲ ಎತ್ತಿಡಬೇಕು. ಬಗ್ಗುವುದಂತೂ ತಪ್ಪಲಿಲ್ಲ. ಅತ್ತೆ ಅದಕ್ಕೂ ಮುಂಚೆ ಪೊರಕೆ ಹಿಡಿದು ಮನೆಯೆಲ್ಲ ಗುಡಿಸಿಬಿಡುತ್ತಾರೆ. "ಇಷ್ಟೊಂದು ಕಸ ತುಂಬಿಸಿದ್ರೆ ಅದು ಎಷ್ಟು ದಿನ ಬಾಳಿಕೆ ಬರುತ್ತಮ್ಮಾ?" ಅಂತಾರೆ. ನಗೋಣವೆಂದರೆ ತ್ರಾಣವಿಲ್ಲ.

ಔಷಧಿ ಅಂಗಡಿಯ ಕೆಲಸದಲ್ಲಿ ಹತ್ತು ತಾಸು ನಿಂತು ಸಂಜೆ ಮನೆಗೆ ಬಂದರೆ, ರೋಬೋ ಸೋಫಾದ ಕೆಳಗೆ ಸಿಕ್ಕಿಕೊಂಡು ಕುಂಯ್ ಕುಂಯ್ ಅನ್ನುತ್ತಿತ್ತು. ಉಂಡ ತಟ್ಟೆ ಎತ್ತದ ಮಹಾರಾಯರು ಮೊಣಕಾಲೂರಿ, ಟಾರ್ಚ್ ಹಿಡಿದು, "ಪಾಪ, ಸುಸ್ತಾಗಿದೆ ಇದಕ್ಕೆ" ಅಂತ ಹೊರಗೆಳೆದು ತೊಡೆಯ ಮೇಲೆ ಮಗುಚಿ ಹಾಕಿಕೊಂಡರು. ಬ್ರಷ್ಷಿಗೆ ಉದ್ದುದ್ದ ಕೂದಲು ಸುತ್ತಿಕೊಂಡಿತ್ತು. ಕತ್ತರಿಯಲ್ಲಿ ಬಿಡಿಸುತ್ತಾ, "ನಿನ್ನ ಕೂದಲು ಎಷ್ಟು ಉದುರ್ತಿದೆ ನೋಡೇ!" ಅಂದರು.

ಎದೆ ಒಂದು ಕ್ಷಣ ಹಗುರಾಯಿತು. ಕೊನೆಗೂ ಇವರ ಕಣ್ಣಿಗೆ ಬಿತ್ತಲ್ಲ.

"ಹೀಗಾದ್ರೆ ಮೆಷಿನ್ ಹಾಳಾಗುತ್ತೆ. ಬಿಗಿಯಾಗಿ ಜಡೆ ಹಾಕ್ಕೋ."

ಕೂದಲು ಉದುರುತ್ತೆ ಅಂತ ಅಂಗಡಿಗೆ ಬಂದವರನ್ನೆಲ್ಲ ನಾನು ಕೇಳುವುದು ಎರಡೇ ಮಾತು. ಎಷ್ಟು ದಿನದಿಂದ? ನಿದ್ದೆ ಸರಿಯಾಗಿ ಬರ್ತಿದೆಯಾ?

ಎರಡಕ್ಕೂ ಇವತ್ತು ನನ್ನ ಉತ್ತರ ಸಿದ್ಧವಾಗಿತ್ತು. ಮೂರು ತಿಂಗಳಿಂದ. ಇಲ್ಲ.