ಮೂವತ್ತೈದು ಮಿಲಿಮೀಟರ್ ತಗ್ಗಿದ ಕಾರು ಮತ್ತು ತಾವು ಒಪ್ಪದ ನನ್ನ ತಪ್ಪು

ವಾಹನ ತಪಾಸಣಾ ಕಚೇರಿಯ ಮಾನ್ಯ ಮುಖ್ಯಸ್ಥರೇ,

ತಪ್ಪು ನನ್ನದು ಎಂದು ತಮಗೆ ಎರಡು ಬಾರಿ ಲಿಖಿತವಾಗಿ ತಿಳಿಸಿದ್ದೇನೆ. ಎರಡು ಬಾರಿಯೂ ತಾವು ಅದನ್ನು ತಿರಸ್ಕರಿಸಿದ್ದೀರಿ. ತಪ್ಪು ಮಾಡಿದವರು ಒಪ್ಪಿಕೊಳ್ಳುವುದಿಲ್ಲ ಎಂಬುದು ಲೋಕದ ದೂರು. ಒಪ್ಪಿಕೊಂಡು ಬಂದವನನ್ನು ‘ನೀನಲ್ಲ, ಹೋಗು’ ಎಂದು ಬಾಗಿಲಿನಿಂದಲೇ ಸಾಗಹಾಕುವ ಕಚೇರಿ ತಮ್ಮದೊಂದೇ ಇರಬೇಕು. ನನ್ನ ಮಗಳ ಚಾಲನಾ ಪರವಾನಗಿಯನ್ನು ತಾವು ಆರು ತಿಂಗಳು ಅಮಾನತಿನಲ್ಲಿಟ್ಟಿದ್ದೀರಿ. ಅವಳು ಮನೆಮನೆಗೆ ಹೋಗಿ, ಹಾಸಿಗೆ ಹಿಡಿದವರನ್ನು ಎಬ್ಬಿಸಿ ನಡೆಸುವ ಫಿಸಿಯೋಥೆರಪಿಸ್ಟ್. ಕಾರು ಓಡಿಸಬಲ್ಲ ಇನ್ನೊಬ್ಬರಿಗೆ ಆ ಕೆಲಸ ಕೊಡಲು ಅವಳ ಕ್ಲಿನಿಕ್ಕಿನವರು ಇಟ್ಟಿರುವ ಗಡುವು ಇನ್ನು ಮೂರು ವಾರ. ಲಕೋಟೆಯೊಳಗೆ ಬರೆದದ್ದು ತಮ್ಮ ಕಣ್ಣಿಗೆ ಬೀಳಲಿಲ್ಲವಾದ್ದರಿಂದ ಪತ್ರಿಕೆಯಲ್ಲಿ ಬರೆಯುತ್ತಿದ್ದೇನೆ.

ನನ್ನ ವೃತ್ತಿ ಅಳತೆಯ ಯಂತ್ರಗಳನ್ನು ಅಳೆಯುವುದು. ತೂಕದ ಯಂತ್ರ ಸರಿಯಾಗಿ ತೂಗುತ್ತಿದೆಯೇ, ಒತ್ತಡದ ಮಾಪಕ ನಿಜ ಹೇಳುತ್ತಿದೆಯೇ ಎಂದು ಪರೀಕ್ಷಿಸಿ ಸಹಿ ಹಾಕುವವನು. ತಮ್ಮ ಅಂಗಳದಲ್ಲಿ ವಾಹನಗಳ ಬ್ರೇಕ್ ಪರೀಕ್ಷಿಸುವ ರೋಲರ್ ಯಂತ್ರವಿದೆಯಲ್ಲ, ಅದರ ಮೈಮೇಲಿನ ಹಳದಿ ಚೀಟಿಯಲ್ಲಿರುವುದೂ ನನ್ನ ಸಹಿಯೇ. ಅಳತೆಯ ವಿಷಯದಲ್ಲಿ ನನ್ನ ಮಾತಿಗೆ ಎದುರಿಲ್ಲ ಎಂಬ ಹೆಸರು ನನಗಿದೆ. ಈ ಪತ್ರದಲ್ಲಿ ಹೇಳಹೊರಟಿರುವ ತಪ್ಪಿನ ಮೂಲವೂ ಅದೇ.

ಮಗಳು ಕಳೆದ ವರ್ಷ ತನ್ನ ಮೊದಲ ಕಾರನ್ನು ಕೊಂಡಳು. ಹದಿನಾಲ್ಕು ವರ್ಷ ಹಳೆಯದು, ಎರಡು ಬಾಗಿಲಿನದು. ಅದು ಕೆಸರು ದಾಟುವವರಂತೆ ತುದಿಗಾಲಲ್ಲಿ ನಿಂತಿರುತ್ತದೆ, ತಿರುವು ಬಂದರೆ ತೂರಾಡುತ್ತದೆ ಎಂಬುದು ಅವಳ ತಕರಾರು. ಕಾರನ್ನು ನೆಲಕ್ಕೆ ಹತ್ತಿರ ತರುವ ಗಿಡ್ಡ, ಗಡುಸಾದ ಸ್ಪ್ರಿಂಗ್‌ಗಳನ್ನು ಹಾಕಿಸಬೇಕೆಂದಳು. ಅವಳಿಗೆ ಅರವತ್ತು ಮಿಲಿಮೀಟರ್ ತಗ್ಗಿಸುವ ಕೆಂಪು ಸ್ಪ್ರಿಂಗ್‌ಗಳ ಮೇಲೆ ಕಣ್ಣು. ನಾನು ಆಕ್ಸಲ್‌ಗಳ ಮೇಲಿನ ಹೊರೆ, ಶಾಕ್ ಅಬ್ಸಾರ್ಬರ್ ಚಲಿಸುವ ಅಂತರ, ಚಕ್ರ ಮತ್ತು ಅದರ ಮೇಲಿನ ಕಮಾನಿನ ನಡುವಿನ ಜಾಗ ಎಲ್ಲವನ್ನೂ ಹಾಳೆಯ ಮೇಲೆ ಹಾಕಿದೆ. ಅರವತ್ತಾದರೆ ತುಂಬಿದ ಕಾರು ಗುಂಡಿಗೆ ಇಳಿದಾಗ ತಳ ಬಡಿಯುತ್ತದೆ ಎಂದು ತೋರಿಸಿದೆ.

“ಅಪ್ಪ, ನಾವು ಸ್ಪ್ರಿಂಗ್ ತಗೋತಿದ್ದೀವೋ, ಅದಕ್ಕೆ ಪರೀಕ್ಷೆ ಕೂರಿಸ್ತಿದ್ದೀವೋ?” ಎಂದಳು.

“ಮೂವತ್ತೈದು ಪಾಸಾಗಿದೆ,” ಎಂದೆ.

“ಅರವತ್ತು?”

“ಫೇಲು.”

“ಗ್ರೇಸ್ ಮಾರ್ಕ್ಸು ಕೊಡಪ್ಪ!”

ನನ್ನ ಹೆಂಡತಿ ಅಡುಗೆಮನೆಯಿಂದಲೇ, “ನಿಂತಿರೋ ಕಾರನ್ನ ಕೂರಿಸೋಕೆ ಅಪ್ಪ-ಮಗಳು ಮೂರು ಭಾನುವಾರ ಕೂತ್ರಿ. ಈ ಬಾಗಿಲು ಕಿರ್ರೋ ಅನ್ನೋದನ್ನ ನಿಲ್ಲಿಸೋಕೆ ಎಷ್ಟು ಭಾನುವಾರ ಬೇಕು?” ಎಂದಳು. ಮಾತು ಕಡಿಮೆಯ ಮನುಷ್ಯ ನಾನು. ಮಗಳ ಕಾಲೇಜು ಮುಗಿದ ಮೇಲೆ ಅವಳೊಡನೆ ಮೂರು ಭಾನುವಾರ ಎಡೆಬಿಡದೆ ಮಾತಾಡಿದ್ದು ಅದೇ ಮೊದಲು. ಆ ಸಂತೋಷ ನನ್ನ ಜಾಗರೂಕತೆಯನ್ನು ಎಷ್ಟರಮಟ್ಟಿಗೆ ತಿಂದುಹಾಕಿತೆಂಬುದನ್ನು ಅಳೆಯುವ ಯಂತ್ರ ನನ್ನಲ್ಲಿಲ್ಲ.

ನಾಲ್ಕನೆಯ ಭಾನುವಾರ ಬೆಳಿಗ್ಗೆ ಶೆಡ್ಡಿನಲ್ಲಿ ಸ್ಪ್ರಿಂಗ್‌ಗಳನ್ನು ಬದಲಿಸಿದೆವು. ಅವಳ ಕಾರಿನ ಹಿಂಬದಿಯಲ್ಲಿ, ದೇಹಕ್ಕೆ ಅಂಟಿಕೊಂಡು ಒಂದು ಚಿಕ್ಕ ವಾಲ್ವ್ ಇದೆ. ಅದರಿಂದ ಹೊರಟ ಕಡ್ಡಿಯೊಂದು ಹಿಂದಿನ ಆಕ್ಸಲ್ಲನ್ನು ಹಿಡಿದಿರುತ್ತದೆ. ಹಿಂದಿನ ಸೀಟಿನಲ್ಲಿ ಜನ ಕೂತಾಗ ಕಾರು ತಗ್ಗುತ್ತದೆ, ಕಡ್ಡಿ ವಾಲ್ವನ್ನು ತಿರುಗಿಸುತ್ತದೆ, ಆಗ ವಾಲ್ವ್ ಹಿಂದಿನ ಚಕ್ರಗಳ ಬ್ರೇಕಿಗೆ ಹೆಚ್ಚು ಒತ್ತಡ ಬಿಡುತ್ತದೆ. ಹೊರೆಯಿಲ್ಲದಾಗ ಕಡಿಮೆ ಬಿಡುತ್ತದೆ. ಆಕ್ಸಲ್ಲನ್ನು ಕೆಳಗಿಳಿಸಲು ಆ ಕಡ್ಡಿಯನ್ನು ಬಿಚ್ಚಬೇಕಾಗಿತ್ತು. ಬಿಚ್ಚುವ ಮೊದಲು ಅದು ಇದ್ದ ಜಾಗಕ್ಕೆ ಬಿಳಿ ಬಣ್ಣದಲ್ಲಿ ಗೆರೆ ಎಳೆದೆ. ಮತ್ತೆ ಕೂರಿಸುವಾಗ ಕೂದಲೆಳೆಯಷ್ಟೂ ಆಚೀಚೆಯಾಗದಂತೆ ಅದೇ ಗೆರೆಗೆ ಕೂರಿಸಿದೆ. ಮೂವತ್ತು ವರ್ಷಗಳ ಅಭ್ಯಾಸ: ಬಿಚ್ಚಿದ್ದನ್ನು ಬಿಚ್ಚಿದಲ್ಲಿಗೇ ಸೇರಿಸು. ಆದರೆ ಕಾರಿನ ದೇಹ ಮೂವತ್ತೈದು ಮಿಲಿಮೀಟರ್ ಕೆಳಗೆ ಬಂದಿತ್ತಲ್ಲ! ಕಡ್ಡಿಯ ಜಾಗವನ್ನೂ ಅದಕ್ಕೆ ತಕ್ಕಂತೆ ಬದಲಿಸಬೇಕಾಗಿತ್ತು. ಅಜಾಗರೂಕನೊಬ್ಬ ಆ ಕಡ್ಡಿಯನ್ನು ಅಂದಾಜಿನಲ್ಲಿ ಸಿಕ್ಕಿಸಿದ್ದರೆ ಅದೃಷ್ಟವಶಾತ್ ಸರಿಯಾಗಿಬಿಡುತ್ತಿತ್ತೇನೋ. ನಾನು ಕರಾರುವಾಕ್ಕಾಗಿ ತಪ್ಪಿದೆ. ಅಂದಿನಿಂದ ಕಾರು ಖಾಲಿಯಿದ್ದಾಗಲೂ ವಾಲ್ವಿನ ಪಾಲಿಗೆ ಹಿಂದಿನ ಸೀಟಿನಲ್ಲಿ ಮೂವರು ಕೂತೇ ಇದ್ದರು.

ಮಾರ್ಪಡಿಸಿದ ವಾಹನವನ್ನು ತಪಾಸಣೆಗೆ ಒಡ್ಡಬೇಕೆಂಬುದು ತಮ್ಮ ನಿಯಮ. ಒಳ್ಳೆಯ ನಿಯಮ. ನಾನೇ ಕಾರನ್ನು ತಮ್ಮ ಅಂಗಳಕ್ಕೆ ತಂದೆ. ಬಗ್ಗಿ ಸ್ಪ್ರಿಂಗ್‌ಗಳನ್ನು ನೋಡಿದ ತಮ್ಮ ತಪಾಸಕರು ಎದ್ದು ನಿಂತವರೇ ನನ್ನ ಮುಖ ನೋಡಿ ನಕ್ಕರು.

“ಏನ್ ಸಾರ್, ನೀವಾ! ನಮ್ಮ ಯಂತ್ರಕ್ಕೇ ಸರ್ಟಿಫಿಕೇಟ್ ಕೊಡೋರು. ನಿಮ್ಮ ಕಾರನ್ನ ಅದರ ಮೇಲೆ ಹತ್ತಿಸಿದ್ರೆ ಯಂತ್ರಕ್ಕೇ ನಾಚಿಕೆ ಆಗುತ್ತೆ.”

“ನಿಯಮ ನಿಯಮವೇ, ಹತ್ತಿಸಿ,” ಎಂದು ನಾನು ಹೇಳಬೇಕಾಗಿತ್ತು. ಹೇಳಲಿಲ್ಲ. ಸಂಕೋಚದಿಂದ ನಕ್ಕೆ. ಆ ನಗುವಿನಲ್ಲಿ ಸಂಕೋಚಕ್ಕಿಂತ ಹೆಮ್ಮೆಯೇ ಹೆಚ್ಚಿತ್ತು. ನಾಲ್ಕು ನಿಮಿಷದಲ್ಲಿ ಪತ್ರ ಕೈಗೆ ಬಂತು. ‘ಹಿಂದಿನ ಬ್ರೇಕ್: ತೃಪ್ತಿಕರ’ ಎಂದು ಬರೆದಿತ್ತು. ಯಾರಿಗೆ ತೃಪ್ತಿ, ಮಾನ್ಯರೇ? ಉರುಳದ ರೋಲರಿಗೋ, ಉರುಳಿಸಿ ಎನ್ನದ ನನಗೋ? ಆ ತಪಾಸಕರೊಬ್ಬರನ್ನೇ ಬಲಿ ಕೊಟ್ಟು ಕೈ ತೊಳೆದುಕೊಳ್ಳಬೇಡಿ. ಅವರು ನನ್ನನ್ನು ನಂಬಿದರು. ನಂಬಿಕೆಯನ್ನು ಪರೀಕ್ಷೆಯ ಜಾಗದಲ್ಲಿ ಕೂರಿಸಬಾರದೆಂದು ಬಲ್ಲವನು ಅಲ್ಲಿ ನಾನೊಬ್ಬನೇ ಇದ್ದೆ.

ಎರಡು ತಿಂಗಳ ನಂತರ, ಒದ್ದೆ ರಸ್ತೆಯಲ್ಲಿ ಮಗಳು ಒಬ್ಬಳೇ ಬರುತ್ತಿದ್ದಾಗ ಮುಂದಿನ ವ್ಯಾನು ತಟ್ಟನೆ ನಿಂತಿತು. ಅವಳು ಬ್ರೇಕ್ ಒತ್ತಿದಳು. ಹಿಂದಿನ ಚಕ್ರಗಳು ಮೊದಲು ಬಿಗಿದುಕೊಂಡವು, ಕಾರಿನ ಬಾಲ ಅಡ್ಡಕ್ಕೆ ಜಾರಿ, ಪಕ್ಕದಲ್ಲಿ ಸೈಕಲ್ಲಿನಲ್ಲಿ ಹೋಗುತ್ತಿದ್ದ ಬಡಗಿಯೊಬ್ಬರನ್ನು ಕೆಡವಿತು. ಅವರ ಹೆಗಲ ಮೂಳೆ ಮುರಿಯಿತು. ಎಂಟು ವಾರ ಕೀಸುಳಿ ಹಿಡಿಯುವಂತಿರಲಿಲ್ಲ. ನಾನು ನೋಡಲು ಹೋದಾಗ ಅವರು, “ನಿಮ್ಮ ಮಗಳು ದಿನಾ ನಡ್ಕೊಂಡು ಬಂದು ತೋಳಿಗೆ ವ್ಯಾಯಾಮ ಮಾಡಿಸ್ತಾಳೆ. ನನಗೆ ವಾಸಿಯಾಗುತ್ತೆ ಬಿಡಿ, ಆ ಹುಡುಗಿಗೆ ಸಮಾಧಾನ ಹೇಳೋರು ಯಾರು?” ಎಂದರು. ಅಷ್ಟರಲ್ಲಾಗಲೇ ನಾನು ಕಾರಿನ ಕೆಳಗೆ ಮಲಗಿ, ಬಿಳಿ ಗೆರೆಯನ್ನೂ ಅದರ ಮೇಲೆ ಚಾಚೂ ತಪ್ಪದೆ ಕೂತಿದ್ದ ಕಡ್ಡಿಯನ್ನೂ ನೋಡಿಯಾಗಿತ್ತು. ಆದರೂ ಅವರೆದುರು ಬಾಯಿ ಬಿಡಲಿಲ್ಲ.

ಮಗಳೆದುರೂ ಬಿಡಲಿಲ್ಲ. “ತಪ್ಪು ನಂದೇ, ಅಪ್ಪ. ಗಾಬರಿಯಲ್ಲಿ ಜೋರಾಗಿ ಒತ್ತಿಬಿಟ್ಟೆ,” ಎಂದು ಅವಳು ಹೇಳುವಾಗ ಅನ್ನ ಕಲಸುತ್ತಾ ಕೂತಿದ್ದೆ. ಮೊದಲು ಕಚೇರಿಗೆ ತಿಳಿಸಿ, ಆದೇಶ ತಿದ್ದಿಸಿ, ಆಮೇಲೆ ಹೇಳೋಣವೆಂದುಕೊಂಡೆ. ಇದನ್ನು ಕ್ರಮಬದ್ಧತೆ ಎಂದು ಕರೆದುಕೊಂಡೆ. ಇದಕ್ಕಿರುವ ಸರಿಯಾದ ಪದ ಹೇಡಿತನ.

ಇನ್ನು ತಮ್ಮ ಆದೇಶದ ತರ್ಕವನ್ನು ನೋಡೋಣ. ‘ವಾಹನದಲ್ಲಿ ಯಾವುದೇ ದೋಷವಿಲ್ಲವೆಂಬುದು ತಪಾಸಣಾ ಪತ್ರದಿಂದ ಸಿದ್ಧವಾಗಿದೆ, ಆದುದರಿಂದ ಚಾಲಕಿಯ ಅಜಾಗರೂಕತೆಯೇ ಕಾರಣ.’ ಎಂಥ ಗಟ್ಟಿ ತರ್ಕ! ನಡೆಯದ ಪರೀಕ್ಷೆಯಿಂದ ಇಲ್ಲದ ಸುರಕ್ಷತೆ ಹುಟ್ಟಿತು, ಆ ಸುರಕ್ಷತೆಯಿಂದ ಮಾಡದ ಅಪರಾಧ ಹುಟ್ಟಿತು. ನಾನು ವಾಲ್ವಿನ ಚಿತ್ರ ಬರೆದು, ಅಳತೆ ನಮೂದಿಸಿ ಕಳುಹಿಸಿದೆ. ‘ಅರ್ಜಿದಾರರು ಚಾಲಕಿಯ ತಂದೆಯಾಗಿರುವುದರಿಂದ ಹೇಳಿಕೆ ಪರಿಗಣನಾರ್ಹವಲ್ಲ’ ಎಂಬ ಉತ್ತರ ಬಂತು. ಎರಡನೆಯ ಪತ್ರವನ್ನು ಖುದ್ದಾಗಿ ತಂದರೆ ತಮ್ಮ ಕಿಟಕಿಯ ಗುಮಾಸ್ತರು ಕನಿಕರದಿಂದ, “ಎಲ್ಲ ತಂದೆತಾಯೀನೂ ಇದನ್ನೇ ಹೇಳ್ತಾರೆ ಸಾರ್. ಮಕ್ಕಳು ಅಂದ್ಮೇಲೆ ಕರುಳು ಅಲ್ವಾ?” ಎಂದರು. ರೋಲರ್ ಯಂತ್ರ ಸರಿಯಿದೆ ಎಂದು ನಾನು ಬರೆದರೆ ತಮಗೆ ವೇದವಾಕ್ಯ. ಮಗಳ ಕಾರು ಸರಿಯಿಲ್ಲ ಎಂದು ನಾನು ಬರೆದರೆ ಅದು ಕರುಳು. ನನ್ನ ಸಹಿಯ ಬೆಲೆ ಕಾಗದದಿಂದ ಕಾಗದಕ್ಕೆ ಬದಲಾಗುವುದಾದರೆ, ಇಷ್ಟು ವರ್ಷ ತಾವು ನನ್ನ ಸಹಿಯನ್ನು ಯಾತಕ್ಕಾಗಿ ನಂಬಿದಿರಿ?

ಈ ಪತ್ರವನ್ನು ಅಚ್ಚಿಗೆ ಕೊಡುವ ಮೊದಲು, ನಿನ್ನೆ ಬೆಳಿಗ್ಗೆ, ಮಗಳ ಕೈಗೆ ಕೊಟ್ಟೆ. ಅವಳು ನಿಂತೇ ಓದಿದಳು. ವಾಲ್ವಿನ ಸಾಲುಗಳನ್ನು ಎರಡನೆಯ ಸಲ ಓದಿದಳು.

“ಅವತ್ತು ನಾನು ಕೇಳಿದ್ದೆ, ಅಪ್ಪ. ಕಾರು ತಗ್ಗಿದೆ, ಈ ಕಡ್ಡಿ ಮಾತ್ರ ಅಲ್ಲೇ ಇರಬೇಕಾ ಅಂತ.”

“ಹೌದು, ನೀನು ಕೇಳಿದ್ದೆ.”

“ನೀನು ಏನಂದೆ?”

“ಗೆರೆ ಎಳೆದಿದ್ದೀನಿ, ಗೆರೆಗೇ ಕೂರಿಸು ಅಂದೆ.”

“ನಾನೇ ಅಲ್ವಾ ಕೂರಿಸಿದ್ದು?”

ಹೌದು, ಮಾನ್ಯರೇ. ಸ್ಪ್ಯಾನರ್ ಅವಳ ಕೈಯಲ್ಲಿತ್ತು. ಮೇಲೆ ‘ಕೂರಿಸಿದೆ’ ಎಂದು ಬರೆದದ್ದನ್ನು ‘ಕೂರಿಸಲು ಹೇಳಿದೆ’ ಎಂದು ಓದಿಕೊಳ್ಳಬೇಕು. ಅವಳ ಕೈ ಆ ಬೋಲ್ಟಿನ ಮೇಲಿದ್ದದ್ದು ತಮಗೆ ತಿಳಿಯುವುದು ಬೇಡವೆಂದು ಹಾಗೆ ಬರೆದಿದ್ದೆ. ಅವಳೇ ಹೇಳಿದಳು: “ಇದನ್ನೂ ಬರಿ. ಅರ್ಧ ಸತ್ಯ ಬರೆದ್ರೆ ಅವರು ನಂಬದೇ ಇದ್ದಿದ್ದೇ ಸರಿ ಅಂತಾಗುತ್ತೆ.” ಅಷ್ಟು ಹೇಳಿ ಚೀಲ ಹೆಗಲಿಗೇರಿಸಿಕೊಂಡು ಬಡಗಿಯವರ ಮನೆಗೆ ಹೊರಟಳು. ನನ್ನನ್ನು ಕ್ಷಮಿಸಿದ್ದಾಳೋ ಇಲ್ಲವೋ ಹೇಳಲಿಲ್ಲ. ಕೇಳುವ ಹಕ್ಕು ನನಗೂ ಇರಲಿಲ್ಲ.

ಆದ್ದರಿಂದ ನನ್ನ ಬೇಡಿಕೆ. ಕಾರು ಶೆಡ್ಡಿನಲ್ಲಿದೆ, ಅಪಘಾತದ ನಂತರ ಆ ಕಡ್ಡಿಯನ್ನು ಯಾರೂ ಮುಟ್ಟಿಲ್ಲ. ಅದನ್ನು ಟ್ರಕ್ಕಿನ ಮೇಲೆ ಸಾಗಿಸಿ, ಇನ್ನೊಂದು ಊರಿನ ರೋಲರ್ ಯಂತ್ರಕ್ಕೆ, ನನ್ನ ಸಹಿಯಿಲ್ಲದ ಯಂತ್ರಕ್ಕೆ, ಹತ್ತಿಸಿ. ನನ್ನ ಮುಖಪರಿಚಯವಿಲ್ಲದ ತಪಾಸಕರು ಪರೀಕ್ಷಿಸಲಿ. ಹಿಂದಿನ ಬ್ರೇಕಿನ ಬಲ ಎಷ್ಟೆಂದು ಮುಳ್ಳು ಹೇಳುತ್ತದೆ. ಅದಕ್ಕೆ ಮಕ್ಕಳಿಲ್ಲ, ಕರುಳೂ ಇಲ್ಲ. ಮೂರು ವಾರದೊಳಗೆ ಇದು ನಡೆಯಲಿ. ನಡೆದ ಮೇಲೆ ಆದೇಶದಿಂದ ‘ಚಾಲಕಿಯ ಅಜಾಗರೂಕತೆ’ ಎಂಬ ಪದಗಳನ್ನು ತೆಗೆದು, ಆ ಜಾಗದಲ್ಲಿ ನನ್ನದನ್ನು ಬರೆಯಿರಿ.

ಇಂತಿ,
ತಪ್ಪಿತಸ್ಥ;
ಸಂಬಂಧದಲ್ಲಿ, ಇನ್ನೂ ಹಾಗೆ ಕರೆಯಬಹುದಾದರೆ, ಚಾಲಕಿಯ ತಂದೆ