ರೆಕಾರ್ಡಿಂಗ್‌ನಲ್ಲಿರುವ ಹೆಂಗಸು

ಮಾರ್ಚ್ ೯, ಸೋಮವಾರ

ಪ್ರೀತಿಯ ಅಕ್ಕನಿಗೆ,

ಚೆನ್ನಾಗಿದ್ದೇನೆ ಎಂದು ಬರೆಯಲು ಕೂತೆ, ಆದರೆ ಇವತ್ತು ಶಾಲೆಯಲ್ಲಿ ಆದದ್ದನ್ನೇ ಮೊದಲು ಬರೆಯಬೇಕು. ಫೋನಿನಲ್ಲಿ ಹೇಳೋಣವೆಂದರೆ ನೀನು ನನಗೆ ಬಾಯಿ ತೆರೆಯಲು ಬಿಡುವವಳಲ್ಲ. ಅದಕ್ಕೆ ಈ ಕಾಗದ.

ಎರಡು ತಿಂಗಳಿಂದ ಭಾಷಾ ಶಾಲೆಯಲ್ಲಿ ನನ್ನನ್ನು ಮೇಲಿನ ಮಹಡಿ ಒರೆಸಲು ಹಾಕಿದ್ದರು. ಇವತ್ತು ಕೆಳಗಿನವಳು ರಜೆ, ನಾನೇ ಇಳಿದೆ. ಸ್ಪ್ಯಾನಿಷ್ ಕ್ಲಾಸಿನ ಬಾಗಿಲು ಮುಚ್ಚಿತ್ತು. ಒಳಗೆ ಒಬ್ಬ ಹೆಂಗಸು ಆ, ಎ, ಇ, ಒ, ಉ ಎನ್ನುತ್ತಿದ್ದಳು. ಅವಳ ಹಿಂದೆಯೇ ಮೂವತ್ತು ಜನ ಹೇಳುತ್ತಿದ್ದರು. ಎಲ್ಲೋ ಕೇಳಿದ ಗಂಟಲು ಅನ್ನಿಸಿತು. ಅಷ್ಟರಲ್ಲಿ ಅವಳು ಕೆಮ್ಮಿದಳು. ಯಾರೋ ಕಿಡಿಗೇಡಿ ಆ ಕೆಮ್ಮನ್ನೂ ಹಿಂದಿನಿಂದ ಹೇಳಿದ, ಎಲ್ಲರೂ ನಕ್ಕರು.

ಅಕ್ಕಾ, ಆ ಕೆಮ್ಮು ನನ್ನದು. ಬಕೆಟ್ ಉರುಳಿ ನೀರೆಲ್ಲ ಬಾಗಿಲ ಸಂದಿಯಿಂದ ಕ್ಲಾಸಿನೊಳಗೆ ಹೋಯಿತು.

ಹೋದ ವರ್ಷ, ನಾನು ಕೆಳಗೇ ಒರೆಸುತ್ತಿದ್ದಾಗ, ಸ್ಪ್ಯಾನಿಷ್ ಟೀಚರ್ ಹೊಸ ರೆಕಾರ್ಡರ್ ತಂದು, ಏನಾದರೂ ಹೇಳು, ಪರೀಕ್ಷೆ ಮಾಡಬೇಕು ಎಂದಿದ್ದರು. ನನಗೆ ಏನು ಹೇಳಲೂ ತೋಚಲಿಲ್ಲ. ದಿನಾ ಬಾಗಿಲಾಚೆಯಿಂದ ಕೇಳುತ್ತಿದ್ದ ಅಕ್ಷರ, ಪದಗಳನ್ನೇ ಹೇಳಿದೆ. ಇನ್ನೊಂದು ಸಲ, ಇನ್ನೊಂದು ಸಲ ಎಂದು ಐದಾರು ಸಲ ಹೇಳಿಸಿದರು. ಮೆಷಿನ್ ಕೆಟ್ಟಿದೆ ಅಂದುಕೊಂಡು ಪಾಪ ಎನ್ನಿಸಿತ್ತು ನನಗೆ.

ಇವತ್ತು ಕೇಳಿದ್ದಕ್ಕೆ ಅವರು ಎಲ್ಲ ಹೇಳಿದರು. ಅವರು ಸ್ಪ್ಯಾನಿಷ್ ಕಲಿತದ್ದು ಇಂಗ್ಲಿಷಿನ ಮೂಲಕವಂತೆ. ಅವರ ಎ, ಒ ಎರಡಕ್ಕೂ ಕೊನೆಯಲ್ಲಿ ಎಯ್, ಒವ್ ಎಂದು ಬಾಲ ಬರುತ್ತದಂತೆ. ಅದಕ್ಕೇ ಹಿಂದಿನ ತಂಡದಲ್ಲಿ ಅರ್ಧ ಜನ ಫೇಲಾದರಂತೆ. ನನ್ನ ಬಾಯಲ್ಲಿ ಆ ಬಾಲ ಇರಲಿಲ್ಲವೆಂದು ನನ್ನ ಧ್ವನಿಯನ್ನೇ ಪಾಠಕ್ಕೆ ಹಾಕಿಬಿಟ್ಟರಂತೆ.

"ಆ ಭಾಷೆಯ ದೇಶದಿಂದಲೇ ಬಂದ ಪರೀಕ್ಷಕರಿಗೆ ನಿನ್ನ ರೆಕಾರ್ಡಿಂಗ್ ಕೇಳಿಸಿದೆ. ಈಕೆ ನಮ್ಮ ದೇಶದಲ್ಲಿ ಯಾವ ಊರಿನವರು ಅಂತ ಅವರು ಕೇಳಿದರು," ಎಂದರು. "ನೆಲ ಒರೆಸುವವಳು ಅನ್ನೋಕೆ ನನಗೆ ಬಾಯಿ ಬರಲಿಲ್ಲ ಕಣಮ್ಮ."

ತಲೆ ತಗ್ಗಿಸಿ ಕೂತರು. ಬೈಯಬೇಕಾದ ನಾನೇ ಅವರಿಗೆ ಕುಡಿಯಲು ನೀರು ತಂದುಕೊಟ್ಟೆ.

ಆಮೇಲೆ ನೀನು ನೆನಪಾದೆ. ಇದೇ ಶಾಲೆಯ ಪಾಠ ನಿನ್ನ ಫೋನಿಗೆ ಬರುವಂತೆ ಮಾಡಿದವಳು ನಾನೇ ಅಲ್ಲವೇ. ನಿನ್ನೆ ಭಾನುವಾರ ಫೋನಿನಲ್ಲಿ ನೀನು ಏನಂದೆ? ಪಾಠದಲ್ಲಿರುವ ಆ ದೇಶದ ಹೆಂಗಸು ಮುತ್ತು ಉದುರಿಸಿದ ಹಾಗೆ ಮಾತಾಡುತ್ತಾಳೆ, ನೀನಿದ್ದೀಯ, ಬಾಯಲ್ಲಿ ಬಟ್ಟೆ ತುರುಕಿಕೊಂಡವಳ ಹಾಗೆ, ಎಂದೆ. ನಾನು ಹೂಂ ಅಂದೆ.

ಮೂವತ್ತನೇ ತಾರೀಖು ನಿನ್ನ ಪರೀಕ್ಷೆ. ಪಾಸಾದರೆ ಆ ದೇಶದಲ್ಲಿ ಒಬ್ಬ ಅಜ್ಜಿಯನ್ನು ನೋಡಿಕೊಳ್ಳುವ ಕೆಲಸ. ಇಲ್ಲದಿದ್ದರೆ ಮತ್ತೆ ಅದೇ ಮೀನಿನ ಕಾರ್ಖಾನೆ, ಅದೇ ಮಂಜುಗಡ್ಡೆ, ಬಿರಿದ ಬೆರಳು. ನನ್ನ ಧ್ವನಿ ಎಂದು ತಿಳಿದರೆ, ಇವಳದ್ದೇನು ಕೇಳುವುದು ಎಂದು ನೀನು ಪಾಠವನ್ನೇ ಬಿಟ್ಟುಬಿಟ್ಟರೆ? ಹೇಳಬಾರದು ಎಂದುಕೊಂಡೇ ಮಧ್ಯಾಹ್ನವೆಲ್ಲ ಕಳೆದೆ.

ಆದರೂ ಹೇಳಿದ್ದೇನೆ. ಕೋಪ ಬಂದರೆ ನನ್ನ ಮೇಲೆ ಮಾಡಿಕೋ, ಪಾಠದ ಮೇಲೆ ಬೇಡ.

ನಿನ್ನ,
ಮೂಗಿ

ತಾಜಾಕಲಂ: ಇದನ್ನೆಲ್ಲ ನಿನಗೆ ಯಾಕೆ ಹೇಳಿದೆ ಎಂದು ಬರೆಯಲಿಲ್ಲ, ಬರೆಯಲು ಹೆದರಿಕೆಯಾಗಿತ್ತು. ಭಾನುವಾರ ನೀನು ಅವರ ಭಾಷೆಯಲ್ಲಿ ಕಣ್ಣಿಗೆ ಏನೆನ್ನುತ್ತಾರೆ ಎಂದು ಹೇಳಿ ತೋರಿಸಿದೆಯಲ್ಲ, 'ವೊಹೊ' ಎಂದೆ. ಅದು 'ಒಹೊ'. ನಾವು ಊರವರೆಲ್ಲ ಮಾಡುವ ತಪ್ಪೇ ಅದು, ಒ ಮುಂದೆ ವ ನುಸುಳಿಸುತ್ತೇವೆ, ಎ ಮುಂದೆ ಯ. ತುಟಿಯನ್ನು ಮೊದಲೇ ದುಂಡಗೆ ಮಾಡಿಕೊಂಡು ಶುರುಮಾಡು, ಚಿಕ್ಕದಾಗಿ ನಿಲ್ಲಿಸು. ನನಗೆ ಆಗಲೇ ಕೇಳಿಸಿತ್ತು, ಬಾಯಿ ಮುಚ್ಚಿಕೊಂಡಿದ್ದೆ. ಮೆಷಿನ್ ಹೇಳಿಕೊಡುತ್ತದೆ ಅಷ್ಟೇ, ನೀನು ಹೇಳಿದ್ದನ್ನು ಕೇಳಿಸಿಕೊಳ್ಳುವುದಿಲ್ಲ. ಬರುವ ಭಾನುವಾರ ಹನ್ನೊಂದಕ್ಕೆ ನಾನೇ ಫೋನ್ ಮಾಡುತ್ತೇನೆ. ಈ ಸಲ ಮೊದಲು ನಾನು ಮಾತಾಡುತ್ತೇನೆ.